ಬಲಿಪೀಠದ ಮುಂದೆ ಆರತಿ

ಬೆಂಗಳೂರಿನ ದೊಡ್ಡ ಕ್ಯಾಥೊಲಿಕ್ ಚರ್ಚುಗಳಲ್ಲಿ ಭಾನುವಾರದ ಪೂಜೆಯ ವೇಳಾಪಟ್ಟಿಯೇ ಒಂದು ಚರಿತ್ರೆಯನ್ನು ಹೇಳುತ್ತದೆ. ಇಷ್ಟು ಗಂಟೆಗೆ ಕನ್ನಡ, ಇಷ್ಟು ಗಂಟೆಗೆ ತಮಿಳು, ಇಷ್ಟು ಗಂಟೆಗೆ ಇಂಗ್ಲಿಷ್ ಎಂದು ಅದರಲ್ಲಿ ಬರೆದಿರುತ್ತದೆ. ಕೆಲವೆಡೆ ಕೊಂಕಣಿ, ಮಲಯಾಳಂ ಕೂಡ ಸೇರಿರುತ್ತವೆ. ಪೂಜೆಯ ಮೂಲ ಕ್ರಮ ಎಲ್ಲ ಕಡೆಯೂ ಒಂದೇ. ಆದರೆ ಹೊರರೂಪದಲ್ಲಿ ವ್ಯತ್ಯಾಸ ಕಾಣುತ್ತದೆ. ಒಂದು ಕಡೆ ಮೇಣದ ಬತ್ತಿ, ಇನ್ನೊಂದು ಕಡೆ ಎಣ್ಣೆಯ ದೀಪಸ್ತಂಭ. ಒಂದು ಕಡೆ ಗಿಟಾರ್, ಇನ್ನೊಂದು ಕಡೆ ಹಾರ್ಮೋನಿಯಂ ಮತ್ತು ತಬಲಾ. ಕೆಲವರು ಪರಮಪ್ರಸಾದವನ್ನು ಅಂಗೈಯಲ್ಲಿ ಪಡೆದರೆ, ಕೆಲವರು ಮಂಡಿಯೂರಿ ನಾಲಗೆಯ ಮೇಲೆಯೇ ಸ್ವೀಕರಿಸುತ್ತಾರೆ.

ಹೊರಗಿನವರಿಗೆ ಇವು ಸಣ್ಣ ಸಂಗತಿಗಳಾಗಿ ತೋರಬಹುದು. ಆದರೆ ಇವುಗಳಲ್ಲಿ ಒಂದೊಂದರ ಹಿಂದೆಯೂ ವಾದ ವಿವಾದಗಳು ನಡೆದಿವೆ. ಪತ್ರ ಸಮರಗಳಾಗಿವೆ, ಪ್ರತಿಭಟನೆಗಳಾಗಿವೆ, ರೋಮ್ ನಗರದವರೆಗೆ ದೂರುಗಳು ಹೋಗಿವೆ. ಭಾರತದ ಕ್ಯಾಥೊಲಿಕರ ಪೂಜೆ ಎಷ್ಟರ ಮಟ್ಟಿಗೆ ಭಾರತೀಯವಾಗಿರಬೇಕು ಎಂಬ ಪ್ರಶ್ನೆ ನಾನ್ನೂರು ವರ್ಷಗಳಷ್ಟು ಹಳೆಯದು. ಅದರ ಆಧುನಿಕ ಅಧ್ಯಾಯ ಆರಂಭವಾದದ್ದು 1969ರಲ್ಲಿ. ಆ ಅಧ್ಯಾಯದ ಮುಖ್ಯ ರಂಗಸ್ಥಳ ಬೆಂಗಳೂರೇ ಆಗಿತ್ತು.

ಲ್ಯಾಟಿನ್ ಕಾಲದ ಪೂಜೆ

1960ರ ದಶಕದವರೆಗೂ ಮಂಗಳೂರಿನಲ್ಲಾಗಲಿ, ಮೈಸೂರಿನಲ್ಲಾಗಲಿ, ಪ್ಯಾರಿಸ್ಸಿನಲ್ಲಾಗಲಿ ರೋಮನ್ ಸಂಪ್ರದಾಯದ ಕ್ಯಾಥೊಲಿಕರ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಪಾದ್ರಿಗಳು ಜನರಿಗೆ ಬೆನ್ನು ಮಾಡಿ, ಬಲಿಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಮುಖ್ಯ ಪ್ರಾರ್ಥನೆಗಳನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಭಕ್ತರಲ್ಲಿ ಬಹುಪಾಲು ಜನ ಆ ಹೊತ್ತಿಗೆ ತಮ್ಮ ತಮ್ಮ ಭಾಷೆಯಲ್ಲಿ ಜಪಮಾಲೆ ಎಣಿಸುತ್ತಿದ್ದರು. ಗಂಟೆ ಬಾರಿಸಿದಾಗ ತಲೆ ಎತ್ತಿ ಪಾದ್ರಿಗಳು ಮೇಲೆತ್ತಿದ ರೊಟ್ಟಿಯ ದರ್ಶನ ಪಡೆಯುತ್ತಿದ್ದರು. ಪ್ರಬೋಧನೆ ಮಾತ್ರ ಜನರ ಭಾಷೆಯಲ್ಲಿ ಇರುತ್ತಿತ್ತು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದು ಕಡ್ಡಾಯವಾಗಿತ್ತು.

ಈ ಕ್ರಮವನ್ನು ಗಟ್ಟಿಗೊಳಿಸಿದ್ದು 1570ರಲ್ಲಿ ಪೋಪ್ ಐದನೇ ಪಯಸ್ ಹೊರಡಿಸಿದ ಪೂಜಾಗ್ರಂಥ. ಯೂರೋಪಿನಲ್ಲಿ ಪ್ರಾಟೆಸ್ಟಂಟ್ ಚಳವಳಿ ಎದ್ದ ಮೇಲೆ, ಟ್ರೆಂಟ್ ನಗರದಲ್ಲಿ 1545ರಿಂದ 1563ರವರೆಗೆ ಹಲವು ಹಂತಗಳಲ್ಲಿ ಸೇರಿದ ಮಹಾಸಭೆಯ ಫಲ ಅದು. ಇನ್ನೂರು ವರ್ಷಗಳಿಗಿಂತ ಹಳೆಯದಾದ ಸ್ಥಳೀಯ ಸಂಪ್ರದಾಯಗಳನ್ನು ಬಿಟ್ಟು ಉಳಿದೆಲ್ಲ ಕಡೆ ಒಂದೇ ಪೂಜೆ, ಒಂದೇ ಭಾಷೆ ಇರಬೇಕೆಂದು ಅದು ವಿಧಿಸಿತು.

ಆದರೆ ಲ್ಯಾಟಿನ್ ಭಾಷೆಯೂ ಆದಿಯಿಂದ ಇದ್ದದ್ದಲ್ಲ. ರೋಮ್ ನಗರದ ಮೊದಲ ಕ್ರೈಸ್ತರು ಗ್ರೀಕ್ ಭಾಷೆಯಲ್ಲಿ ಪೂಜಿಸುತ್ತಿದ್ದರು. ಜನಸಾಮಾನ್ಯರಿಗೆ ಗ್ರೀಕ್ ಅರ್ಥವಾಗದೆ ಹೋದಾಗ, ನಾಲ್ಕನೇ ಶತಮಾನದ ವೇಳೆಗೆ, ಅವರಾಡುವ ಲ್ಯಾಟಿನ್‌ಗೆ ಪೂಜೆ ಬದಲಾಯಿತು. ಲ್ಯಾಟಿನ್ ಪೂಜೆಯಲ್ಲಿ ಕೊನೆಯವರೆಗೂ ಉಳಿದುಬಂದ ‘ಕಿರಿಯೇ ಎಲೆಯಿಸೋನ್’ ಎಂಬ ಗ್ರೀಕ್ ಮೊರೆ ಆ ಹಳೆಯ ಕಾಲದ ಪಳೆಯುಳಿಕೆ. ಜನರಿಗೆ ಅರ್ಥವಾಗಲೆಂದು ಬಂದ ಭಾಷೆಯೇ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಜನರಿಗೆ ಅರ್ಥವಾಗದ ಭಾಷೆಯಾಗಿ ನಿಂತಿತ್ತು.

ಮಧುರೆಯ ಸನ್ಯಾಸಿ

ಭಾರತದಲ್ಲಿ ಈ ಚರ್ಚೆ ಮೊದಲಾದದ್ದು ಭಾಷೆಯಿಂದಲ್ಲ, ಉಡುಗೆ ತೊಡುಗೆಯಿಂದ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ, ಪೋರ್ಚುಗೀಸರ ಮತವೆಂದರೆ ಅಲ್ಲಿನ ಮೇಲ್ಜಾತಿಯವರು ಮೂಗು ಮುರಿಯುವುದನ್ನು ಕಂಡರು. ಅವರು ಕಪ್ಪು ನಿಲುವಂಗಿ ಬಿಟ್ಟು ಕಾವಿ ಉಟ್ಟರು. ಮಾಂಸಾಹಾರ ತ್ಯಜಿಸಿದರು. ತಮಿಳು, ಸಂಸ್ಕೃತಗಳನ್ನು ಕಲಿತರು. ತಮ್ಮಿಂದ ದೀಕ್ಷೆ ಪಡೆದವರು ಜುಟ್ಟು, ಜನಿವಾರ, ಗಂಧಗಳನ್ನು ಉಳಿಸಿಕೊಳ್ಳಬಹುದೆಂದರು. ಇವು ಸಾಮಾಜಿಕ ಚಿಹ್ನೆಗಳೇ ಹೊರತು ಧಾರ್ಮಿಕ ಚಿಹ್ನೆಗಳಲ್ಲ ಎಂಬುದು ಅವರ ವಾದ.

ಜೊತೆಗಾರ ಪಾದ್ರಿಗಳಿಂದಲೇ ಅವರ ಮೇಲೆ ದೂರು ಹೋಯಿತು. ವಿಚಾರಣೆಗಳು ನಡೆದವು. ಕೊನೆಗೆ 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಈ ಆಚರಣೆಗಳಿಗೆ ಷರತ್ತಿನ ಒಪ್ಪಿಗೆ ಕೊಟ್ಟರು. ಇದೇ ದಾರಿಯನ್ನು ಮೈಸೂರು ಸೀಮೆಯಲ್ಲೂ ಹಿಡಿಯಲಾಯಿತು. 17ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದ ಲಿಯೊನಾರ್ಡೊ ಚಿನ್ನಮಿ ಕೂಡ ಸನ್ಯಾಸಿಯ ವೇಷದಲ್ಲೇ ಇದ್ದರು, ಕನ್ನಡ ಕಲಿತು ಕನ್ನಡದ ಬಗ್ಗೆ ಬರೆದರು.

ಆದರೆ ಈ ಹೊಂದಾಣಿಕೆಗೆ ಇನ್ನೊಂದು ಮುಖವಿತ್ತು. ಮೇಲ್ಜಾತಿಯವರ ನಡುವೆ ಓಡಾಡುವ ಪಾದ್ರಿ ಅಸ್ಪೃಶ್ಯರ ಗುಡಿಸಲಿಗೆ ಕಾಲಿಡುವಂತಿರಲಿಲ್ಲ. ಕಾಲಿಟ್ಟರೆ ಅವರೂ ‘ಮೈಲಿಗೆ’ಯಾಗುತ್ತಿದ್ದರು. ಆದ್ದರಿಂದ ಬೇರೆ ಬೇರೆ ಜಾತಿಗಳಿಗೆ ಬೇರೆ ಬೇರೆ ಪಾದ್ರಿಗಳೆಂಬ ಏರ್ಪಾಡು ಬಂತು. 1704ರಲ್ಲಿ ಪೋಪರ ಪ್ರತಿನಿಧಿಯಾಗಿ ಪಾಂಡಿಚೇರಿಗೆ ಬಂದ ಟೂರ್ನೊನ್ ಇಂಥ ಹಲವು ಆಚರಣೆಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರು. ಸಾಯುವ ಸ್ಥಿತಿಯಲ್ಲಿರುವ ಪರಯನ ಮನೆಗೂ ಪಾದ್ರಿ ಹೋಗಿ ಸಂಸ್ಕಾರ ಕೊಡಲೇಬೇಕೆಂಬುದು ಅದರಲ್ಲಿನ ಒಂದು ಅಂಶ. ದೀಕ್ಷಾಸ್ನಾನದಲ್ಲಿ ಎಂಜಲು ಸೋಕಿಸುವ ರೋಮನ್ ವಿಧಿಯನ್ನು ಇಲ್ಲಿನ ಜನ ಹೇಸುತ್ತಾರೆಂಬ ಕಾರಣಕ್ಕೆ ಬಿಡಬಾರದೆಂಬುದು ಇನ್ನೊಂದು. ಮೊದಲನೆಯ ಆಜ್ಞೆ ಜಾತಿಯ ವಿರುದ್ಧವಾಗಿತ್ತು. ಎರಡನೆಯದು ಸ್ಥಳೀಯರ ಸಂವೇದನೆಯ ವಿರುದ್ಧವಾಗಿತ್ತು. ಎರಡೂ ಒಂದೇ ಕಾಗದದ ಮೇಲಿದ್ದವು. ಮುಂದಿನ ಕಾಲದ ಚರ್ಚೆಗಳೆಲ್ಲ ಈ ಗೋಜಲಿನಲ್ಲೇ ಸಿಕ್ಕಿಕೊಂಡವು.

1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಈ ನಿಷೇಧಗಳನ್ನು ಬಹುಮಟ್ಟಿಗೆ ಖಾಯಂ ಮಾಡಿದರು. ಆದರೆ ಅಸ್ಪೃಶ್ಯರಿಗೆಂದೇ ಪ್ರತ್ಯೇಕ ಪಾದ್ರಿಗಳನ್ನು ಇಡಲು ಅವಕಾಶ ಕೊಟ್ಟರು. ಭಾರತಕ್ಕೆ ಬರುವ ಪಾದ್ರಿಗಳು ಇವನ್ನು ಪಾಲಿಸುವುದಾಗಿ ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣವನ್ನು ರೋಮ್ ರದ್ದು ಮಾಡಿದ್ದು 1940ರಲ್ಲಿ.

ಮಹಾಸಭೆಯ ತಿರುವು

ಪೋಪ್ ಇಪ್ಪತ್ಮೂರನೇ ಜಾನ್ ಕರೆದ ಎರಡನೇ ವ್ಯಾಟಿಕನ್ ಮಹಾಸಭೆ 1962ರ ಅಕ್ಟೋಬರ್ 11ರಂದು ಆರಂಭವಾಯಿತು. ಅದು ಅಂಗೀಕರಿಸಿದ ಮೊದಲ ದೊಡ್ಡ ದಾಖಲೆಯೇ ಪೂಜಾವಿಧಿಗೆ ಸಂಬಂಧಿಸಿದ್ದು. 1963ರ ಡಿಸೆಂಬರ್ 4ರಂದು ಅದರ ಪರವಾಗಿ 2,147 ಮತಗಳು ಬಿದ್ದರೆ, ವಿರುದ್ಧವಾಗಿ ಬಿದ್ದದ್ದು ಕೇವಲ 4. ಭಕ್ತರು ಪೂಜೆಯಲ್ಲಿ ಮೂಕ ಪ್ರೇಕ್ಷಕರಾಗಿರಬಾರದು, ತಿಳಿದು ಭಾಗವಹಿಸಬೇಕು ಎಂಬುದು ಅದರ ತಿರುಳು. ಲ್ಯಾಟಿನ್ ಉಳಿಯಬೇಕೆಂದು ಹೇಳಿದರೂ ಜನರ ಭಾಷೆಗಳಿಗೆ ಅದು ಬಾಗಿಲು ತೆರೆಯಿತು. ಆಯಾ ಜನಾಂಗದ ಸಂಸ್ಕೃತಿಗೆ ತಕ್ಕಂತೆ ವಿಧಿಗಳನ್ನು ಹೊಂದಿಸಿಕೊಳ್ಳಲು ಸಹ ಅವಕಾಶ ಮಾಡಿಕೊಟ್ಟಿತು.

ಬದಲಾವಣೆ ಬೇಗ ಬಂತು. 1964ರ ನವೆಂಬರ್ ಕೊನೆಯಲ್ಲಿ ಹಲವು ದೇಶಗಳಲ್ಲಿ ಪೂಜೆಯ ಕೆಲವು ಭಾಗಗಳು ಜನಭಾಷೆಗೆ ತಿರುಗಿದವು. ಅದೇ ಸಮಯದಲ್ಲಿ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆಯಿತು. ಅದಕ್ಕಾಗಿ ಬಂದ ಆರನೇ ಪಾಲ್, ಭಾರತಕ್ಕೆ ಭೇಟಿಯಿತ್ತ ಮೊದಲ ಪೋಪ್. 1965ರ ಮಾರ್ಚ್ 7ರಂದು ಅವರೇ ರೋಮ್ ನಗರದ ಒಂದು ಧರ್ಮಕೇಂದ್ರದಲ್ಲಿ ಇಟಾಲಿಯನ್ ಭಾಷೆಯಲ್ಲಿ ಪೂಜೆ ಅರ್ಪಿಸಿದರು. ಹೊಸ ಪೂಜಾಕ್ರಮ 1969ರ ನವೆಂಬರ್ 30ರಿಂದ ಜಾರಿಗೆ ಬಂತು.

ನಮ್ಮಲ್ಲಿ ಚರ್ಚಿನೊಳಗಿನ ನೋಟವೇ ಬದಲಾಯಿತು. ಗೋಡೆಗೆ ಹೊಂದಿಕೊಂಡಿದ್ದ ಬಲಿಪೀಠದ ಮುಂದೆ ಇನ್ನೊಂದು ಪೀಠ ಬಂತು. ಪಾದ್ರಿಗಳು ಜನರ ಕಡೆ ತಿರುಗಿ ನಿಂತರು. ಪ್ರಾರ್ಥನೆಗಳು ಕಿವಿಗೆ ಕೇಳತೊಡಗಿದವು, ಅರ್ಥವಾಗತೊಡಗಿದವು. ಬಹಳ ಜನ ಸಂತೋಷಪಟ್ಟರು. ಆದರೆ ಬಾಲ್ಯದಿಂದ ಕೇಳಿ ಬಾಯಿಪಾಠವಾಗಿದ್ದ ಲ್ಯಾಟಿನ್ ಗಾಯನ ನಿಂತುಹೋದದ್ದಕ್ಕೆ ಕಣ್ಣೀರಿಟ್ಟ ಹಿರಿಯರೂ ಇದ್ದರು. ಅರ್ಥ ತಿಳಿಯದಿದ್ದರೂ ಅದು ಅವರದೇ ಆಗಿಬಿಟ್ಟಿತ್ತು.

ಹನ್ನೆರಡು ಅಂಶಗಳು

ಭಾಷೆ ಬದಲಾದರೆ ಸಾಕೇ, ಭಂಗಿ, ಬಟ್ಟೆ, ಪಾತ್ರೆ, ದೀಪಗಳೂ ಈ ನೆಲದವೇ ಆಗಬೇಡವೇ ಎಂಬ ಪ್ರಶ್ನೆ ಎದ್ದದ್ದು ಆಗ. ಇದಕ್ಕೆ ಮೊದಲೇ ಕೆಲವು ಆಶ್ರಮಗಳಲ್ಲಿ ಪ್ರಯೋಗ ನಡೆದಿತ್ತು. ಕಾವೇರಿ ದಡದ ಕುಳಿತಲೈ ಬಳಿ ಇಬ್ಬರು ಫ್ರೆಂಚ್ ಪಾದ್ರಿಗಳು 1950ರಲ್ಲಿ ಶಾಂತಿವನವನ್ನು ಸ್ಥಾಪಿಸಿದ್ದರು. ಮುಂದೆ ಅದರ ಹೊಣೆ ಹೊತ್ತ ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ ಭಾರತಕ್ಕೆ ಬಂದ ಹೊಸತರಲ್ಲಿ ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ.

ಆದರೆ ಇಡೀ ದೇಶಕ್ಕೆ ಅನ್ವಯಿಸುವ ಯೋಜನೆ ರೂಪುಗೊಂಡದ್ದು ಬೆಂಗಳೂರಿನ ರಾಷ್ಟ್ರೀಯ ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರದಲ್ಲಿ. ಎನ್‌ಬಿಸಿಎಲ್‌ಸಿ ಎಂಬ ಹೆಸರಿನಿಂದಲೇ ಪರಿಚಿತವಾದ ಈ ಸಂಸ್ಥೆ 1967ರಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ತಮಿಳುನಾಡಿನಿಂದ ಬಂದ ಡಿ.ಎಸ್. ಅಮಲೋರ್ಪವದಾಸ್. ಅವರ ಅಣ್ಣ ಡಿ. ಸೈಮನ್ ಲೂರ್ದುಸ್ವಾಮಿ 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದರು.

ಭಾರತದ ಬಿಷಪರ ಮಂಡಳಿ ಕಳುಹಿಸಿದ ಹನ್ನೆರಡು ಸಲಹೆಗಳಿಗೆ 1969ರ ಏಪ್ರಿಲ್ 25ರಂದು ರೋಮ್ ಒಪ್ಪಿಗೆ ಕೊಟ್ಟಿತು. ಇವೇ ಮುಂದೆ ‘ಹನ್ನೆರಡು ಅಂಶ’ಗಳೆಂದು ಪ್ರಸಿದ್ಧವಾದವು. ಪೂಜೆಯ ವೇಳೆ ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರಬಹುದು. ಮಂಡಿಯೂರುವ ಬದಲು ಕೈಮುಗಿದು ಆಳವಾಗಿ ಬಾಗಬಹುದು. ಪಾದ್ರಿಗಳೂ ಜನರೂ ಪಂಚಾಂಗ ಪ್ರಣಾಮ ಮಾಡಬಹುದು. ಪವಿತ್ರ ವಸ್ತುಗಳಿಗೆ ಮುತ್ತಿಡುವ ಬದಲು ಅವನ್ನು ಮುಟ್ಟಿ ಕಣ್ಣಿಗೆ ಅಥವಾ ಹಣೆಗೆ ಒತ್ತಿಕೊಳ್ಳಬಹುದು. ಶಾಂತಿಯ ವಂದನೆಯನ್ನು ಕೈಮುಗಿದು ವಿನಿಮಯ ಮಾಡಿಕೊಳ್ಳಬಹುದು. ಸರಪಳಿಯಲ್ಲಿ ತೂಗುವ ಧೂಪದಾನಿಯ ಬದಲು ಹಿಡಿಯಿರುವ ಸರಳ ಧೂಪಾರತಿ ಬಳಸಬಹುದು. ಪಾದ್ರಿಗಳು ಹಲವು ಪದರಗಳ ಉಡುಪಿನ ಬದಲು ಒಂದೇ ನಿಲುವಂಗಿ ತೊಟ್ಟು ಅಂಗವಸ್ತ್ರ ಹೊದೆಯಬಹುದು. ಪೀಠದ ಮೇಲೆ ಹಾಸುವ ಬಿಳಿ ವಸ್ತ್ರದ ಜಾಗದಲ್ಲಿ ತಟ್ಟೆ ಇಡಬಹುದು. ಮೇಣದ ಬತ್ತಿಯ ಬದಲು ಎಣ್ಣೆಯ ದೀಪ ಹಚ್ಚಬಹುದು. ಆರಂಭದಲ್ಲಿ ಪಾದ್ರಿಗಳನ್ನು ಆರತಿ ಎತ್ತಿ ಬರಮಾಡಿಕೊಳ್ಳಬಹುದು. ಭಕ್ತರ ಕೋರಿಕೆಗಳ ಪ್ರಾರ್ಥನೆಯಲ್ಲಿ ಹೆಚ್ಚು ಸಹಜತೆಗೆ ಅವಕಾಶ ಇರಬಹುದು. ಕಾಣಿಕೆಯ ಹೊತ್ತಿನಲ್ಲಿ ಮತ್ತು ಮುಖ್ಯ ಪ್ರಾರ್ಥನೆಯ ಕೊನೆಯಲ್ಲಿ ಹೂವು, ಧೂಪ, ದೀಪಗಳ ಆರತಿ ಮಾಡಬಹುದು.

ಈ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದು ‘ಬಹುದು’ ಎಂಬ ಪದ. ಯಾವುದೂ ಕಡ್ಡಾಯವಲ್ಲ. ಎಷ್ಟನ್ನು, ಯಾವಾಗ ಜಾರಿಗೆ ತರಬೇಕು ಎಂಬುದು ಆಯಾ ಬಿಷಪರಿಗೆ ಬಿಟ್ಟದ್ದು. ಆದ್ದರಿಂದ ಒಂದು ಧರ್ಮಪ್ರಾಂತ್ಯದಲ್ಲಿ ಆರತಿ ಬಂತು, ಪಕ್ಕದ ಧರ್ಮಪ್ರಾಂತ್ಯದಲ್ಲಿ ಬರಲಿಲ್ಲ.

ಎನ್‌ಬಿಸಿಎಲ್‌ಸಿ ಆವರಣದ ಪ್ರಾರ್ಥನಾ ಮಂದಿರವೇ ಈ ಚಿಂತನೆಯ ಮಾದರಿಯಾಗಿ ಎದ್ದು ನಿಂತಿತು. ದೇವಾಲಯದ ವಾಸ್ತುವನ್ನು ನೆನಪಿಸುವ ಆ ಕಟ್ಟಡದಲ್ಲಿ ಕಲಾವಿದ ಜ್ಯೋತಿ ಸಾಹಿ ಅವರ ವಿನ್ಯಾಸಗಳಿವೆ. ದೇಶದ ಮೂಲೆಮೂಲೆಗಳಿಂದ ಪಾದ್ರಿಗಳು, ಕನ್ಯಾಸ್ತ್ರೀಯರು, ಉಪದೇಶಿಗಳು ಇಲ್ಲಿ ತರಬೇತಿಗೆ ಬಂದರು. ಇಲ್ಲಿ ಕಂಡದ್ದನ್ನು ತಮ್ಮ ಊರುಗಳಿಗೆ ಒಯ್ದರು.

ವಿರೋಧದ ಮುಖಗಳು

ಒಯ್ದಲ್ಲೆಲ್ಲ ಸ್ವಾಗತ ಸಿಗಲಿಲ್ಲ. ವಿರೋಧಿಸಿದವರನ್ನೆಲ್ಲ ‘ಸಂಪ್ರದಾಯವಾದಿಗಳು’ ಎಂದು ಒಂದೇ ಗುಂಪಿಗೆ ಸೇರಿಸುವುದು ವಾಡಿಕೆ. ಆದರೆ ಅವರ ಕಾರಣಗಳು ಒಂದೇ ಆಗಿರಲಿಲ್ಲ.

ಮೊದಲನೆಯದು ನಿಷ್ಠೆಯ ಪ್ರಶ್ನೆ. ಕರಾವಳಿಯಲ್ಲಿ, ಗೋವೆಯಲ್ಲಿ, ತಮಿಳುನಾಡಿನಲ್ಲಿ ತಲೆತಲಾಂತರಗಳಿಂದ ಕ್ಯಾಥೊಲಿಕರಾಗಿದ್ದವರಿಗೆ ಆರತಿ, ಕುಂಕುಮ, ದೀಪಗಳಿಂದ ದೂರವಿರಬೇಕೆಂದು ಕಲಿಸಿದ್ದೇ ಚರ್ಚು. ಹಾಗೆ ದೂರವಿದ್ದದ್ದಕ್ಕಾಗಿ ಅವರು ನೆಂಟರಿಷ್ಟರ ಮನಸ್ತಾಪವನ್ನೂ ಕಟ್ಟಿಕೊಂಡಿದ್ದರು. ನಿನ್ನೆಯವರೆಗೆ ಪಾಪವೆಂದದ್ದು ಇಂದು ಪೂಜೆಯಾದದ್ದು ಹೇಗೆ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ.

ಎರಡನೆಯದು ಅಧಿಕಾರದ ಪ್ರಶ್ನೆ. ಹನ್ನೆರಡು ಅಂಶಗಳ ಬಗ್ಗೆ ಬಿಷಪರ ನಡುವೆಯೇ ಪೂರ್ಣ ಚರ್ಚೆ ನಡೆಯಲಿಲ್ಲ, ಸಾಮಾನ್ಯ ಭಕ್ತರನ್ನಂತೂ ಯಾರೂ ಕೇಳಲಿಲ್ಲ ಎಂಬ ದೂರು ಎದ್ದಿತು. ಮದ್ರಾಸಿನ ವಿಕ್ಟರ್ ಕುಲಂದೈ ಈ ವಿರೋಧದ ಪ್ರಮುಖ ದನಿಯಾದರು. ಭಾರತದ ಚರ್ಚನ್ನು ‘ಅನ್ಯಮತೀಯ’ಗೊಳಿಸಲಾಗುತ್ತಿದೆ ಎಂದು ಆರೋಪಿಸಿ ಅವರು ಪುಸ್ತಕವನ್ನೇ ಬರೆದರು. ಪೂಜೆಯಲ್ಲಿ ಓಂಕಾರದ ಬಳಕೆಯ ಬಗ್ಗೆ ಎದ್ದ ವಾದ ಎಲ್ಲಕ್ಕಿಂತ ಬಿಸಿಯಾಗಿತ್ತು. ಅದು ಹನ್ನೆರಡು ಅಂಶಗಳಲ್ಲಿ ಇರಲಿಲ್ಲ. ಆದರೂ ಅದೇ ಇಡೀ ಪ್ರಯೋಗದ ಗುರುತೆಂಬಂತಾಯಿತು.

ಮೂರನೆಯ ಆಕ್ಷೇಪ ಚರ್ಚಿನ ಹೊರಗಿನಿಂದ ಬಂದದ್ದು. ಕಾವಿ, ಆರತಿ, ಆಶ್ರಮ ಇವೆಲ್ಲ ಮತಾಂತರಕ್ಕೆ ಹಾಕಿದ ಮುಸುಕು ಎಂದು ಕೆಲವು ಹಿಂದೂ ಲೇಖಕರು ಟೀಕಿಸಿದರು. ಹೀಗಾಗಿ ಒಂದೇ ಆರತಿ ತಟ್ಟೆ ಒಬ್ಬರಿಗೆ ಹಿಂದೂ ಧರ್ಮಕ್ಕೆ ಶರಣಾಗತಿಯಾಗಿ ಕಂಡರೆ, ಇನ್ನೊಬ್ಬರಿಗೆ ಹಿಂದೂ ಧರ್ಮದಿಂದ ಕದ್ದ ಮಾಲಾಗಿ ಕಂಡಿತು.

ಯಾರ ಸಂಸ್ಕೃತಿ?

ಎಲ್ಲಕ್ಕಿಂತ ಆಳವಾದ ಪ್ರಶ್ನೆ ಬಂದದ್ದು ದಲಿತ ಕ್ರೈಸ್ತರಿಂದ. ಭಾರತದ ಕ್ಯಾಥೊಲಿಕರಲ್ಲಿ ದಲಿತ ಮೂಲದವರ ಸಂಖ್ಯೆ ದೊಡ್ಡದು. ಆದರೆ ‘ಭಾರತೀಯ’ ಪೂಜೆಯೆಂದು ರೂಪಿಸಿದ್ದರಲ್ಲಿ ಕಂಡದ್ದು ಸಂಸ್ಕೃತದ ಪದಗಳು, ಆಗಮೋಕ್ತ ಉಪಚಾರಗಳು, ಶಾಸ್ತ್ರೀಯ ಸಂಗೀತ ಮತ್ತು ನೃತ್ಯ. ಯಾವ ದೇವಸ್ಥಾನದ ಒಳಗೆ ತಮ್ಮ ಹಿರಿಯರನ್ನು ಬಿಡಲಿಲ್ಲವೋ ಆ ದೇವಸ್ಥಾನದ ವಿಧಿಗಳನ್ನು ತಮ್ಮ ಸಂಸ್ಕೃತಿ ಎಂದು ಏಕೆ ಒಪ್ಪಬೇಕು ಎಂದು ಅವರು ಕೇಳಿದರು. ವೀಣೆ ಚರ್ಚಿನೊಳಗೆ ಬಂತು, ತಮಟೆ ಹೊರಗೇ ಉಳಿಯಿತು ಎಂಬುದು ಅವರ ಟೀಕೆಯ ಸಾರ.

ಈ ಚಿಂತನೆಗೆ ಶಾಸ್ತ್ರದ ರೂಪ ಬಂದದ್ದೂ ಬೆಂಗಳೂರಿನಲ್ಲೇ. 1980ರ ದಶಕದಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪ್ರಾಟೆಸ್ಟಂಟ್ ವಿದ್ವಾಂಸ ಅರವಿಂದ ನಿರ್ಮಲ್, ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ತತ್ತ್ವಶಾಸ್ತ್ರದ ಜೊತೆಗಷ್ಟೇ ಮಾತಾಡುತ್ತ ಬಂದಿದೆ ಎಂದು ವಾದಿಸಿದರು. ಆಗ ಬೆಳೆದ ‘ದಲಿತ ದೇವಶಾಸ್ತ್ರ’ ಕ್ಯಾಥೊಲಿಕರ ಮೇಲೂ ಪ್ರಭಾವ ಬೀರಿತು. ಚರ್ಚಿನೊಳಗೇ ಜಾತಿ ತಾರತಮ್ಯ ಇದೆಯೆಂಬುದನ್ನು ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ 2016ರ ಡಿಸೆಂಬರ್‌ನಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು.

ಇಲ್ಲಿ 1704ರ ಗೋಜಲು ಮತ್ತೆ ಕಾಣಿಸುತ್ತದೆ. ಡಿ ನೊಬಿಲಿ ಕಾಲದಲ್ಲಿ ಜನಿವಾರಕ್ಕೆ ಒಪ್ಪಿಗೆ ಸಿಕ್ಕಿತು, ಗುಡಿಸಲಿಗೆ ಪಾದ್ರಿ ಹೋಗಲಿಲ್ಲ. ಪೂಜೆ ಈ ನೆಲದ್ದಾಗಲಿ ಎಂದಾಗ ನೆಲದ ಮೇಲಿರುವವರೆಲ್ಲ ಒಂದೇ ಎತ್ತರದಲ್ಲಿಲ್ಲ ಎಂಬ ಸತ್ಯ ಎದುರಾಯಿತು.

ರೋಮಿನ ಕಡಿವಾಣ

ಹನ್ನೆರಡು ಅಂಶಗಳ ನಂತರದ ಹೆಜ್ಜೆ ಇನ್ನೂ ದೊಡ್ಡದಾಗಿತ್ತು. ಪೂಜೆಯ ಹೃದಯವಾದ ಮುಖ್ಯ ಪ್ರಾರ್ಥನೆಯನ್ನೇ ಭಾರತೀಯ ಶೈಲಿಯಲ್ಲಿ ರಚಿಸುವ ಪ್ರಯತ್ನ ನಡೆಯಿತು. ಬೈಬಲ್ ಜೊತೆಗೆ ಇತರ ಧರ್ಮಗಳ ಗ್ರಂಥಗಳಿಂದಲೂ ವಾಚನ ಮಾಡಬಹುದೇ ಎಂದು ಯೋಚಿಸಲು 1974ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿದ್ವಾಂಸರ ವಿಚಾರ ಸಂಕಿರಣವೂ ನಡೆಯಿತು. ಆದರೆ 1975ರಲ್ಲಿ ರೋಮಿನಿಂದ ಬಂದ ಪತ್ರ ಇವೆರಡಕ್ಕೂ ತಡೆ ಹಾಕಿತು. ಹನ್ನೆರಡು ಅಂಶಗಳು ಉಳಿದವು, ಅವುಗಳ ಮುಂದಿನ ದಾರಿ ಮುಚ್ಚಿತು.

ಆಫ್ರಿಕದ ಜೈರ್ ದೇಶದಲ್ಲಿ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಇದಕ್ಕೆ ವಿರುದ್ಧವಾದ ಬೆಳವಣಿಗೆಯಾಯಿತು. ಅಲ್ಲಿನ ಬಿಷಪರು ದೀರ್ಘಕಾಲ ಸಿದ್ಧಪಡಿಸಿದ ಪೂಜಾಕ್ರಮಕ್ಕೆ 1988ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಬಲಿಪೀಠದ ಸುತ್ತ ನರ್ತನವಿದೆ, ಪೂರ್ವಜರ ಸ್ಮರಣೆಯಿದೆ. ಭಾರತದಷ್ಟು ಜಾತಿ, ಭಾಷೆ, ಸಂಪ್ರದಾಯಗಳ ಎಳೆದಾಟವಿರುವ ಕಡೆ ಅಂಥ ಒಂದೇ ಒಂದು ಕ್ರಮಕ್ಕೆ ಒಮ್ಮತ ಸಾಧಿಸುವುದು ಸುಲಭವಾಗಿರಲಿಲ್ಲ.

ಅಮಲೋರ್ಪವದಾಸ್ ಮುಂದೆ ಮೈಸೂರಿಗೆ ಬಂದರು. ಅಲ್ಲಿ ಅಂಜಲಿ ಆಶ್ರಮ ಕಟ್ಟಿದರು, ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಮುಖ್ಯಸ್ಥರಾದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಕನ್ನಡದ ಪ್ರಶ್ನೆ

ಇತ್ತ ಬೆಂಗಳೂರಿನ ಸಾಮಾನ್ಯ ಕ್ಯಾಥೊಲಿಕರನ್ನು ಆರತಿಗಿಂತ ಹೆಚ್ಚು ಕಾಡಿದ್ದು ಭಾಷೆ. ಎಲ್ಲರಿಗೂ ಸಮನಾಗಿ ಅರ್ಥವಾಗದ ಲ್ಯಾಟಿನ್ ಇರುವವರೆಗೆ ಒಂದೇ ಪೂಜೆಯಲ್ಲಿ ಕನ್ನಡಿಗರು, ತಮಿಳರು, ಆಂಗ್ಲೋ ಇಂಡಿಯನ್ನರು ಕೂಡಿ ಕುಳಿತಿದ್ದರು. ‘ಜನರ ಭಾಷೆಯಲ್ಲಿ ಪೂಜೆ’ ಎಂದ ಕೂಡಲೇ ಯಾವ ಜನ ಎಂಬ ಪ್ರಶ್ನೆ ಬಂತು. ದಂಡು ಪ್ರದೇಶದ ಚರ್ಚುಗಳಲ್ಲಿ ತಮಿಳರ ಸಂಖ್ಯೆ ಹೆಚ್ಚು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಕ್ರೈಸ್ತರು ಹಲವು ತಲೆಮಾರುಗಳಿಂದ ಇದ್ದವರು. ರಾಜ್ಯದ ರಾಜಧಾನಿಯ ಚರ್ಚುಗಳಲ್ಲೇ ಕನ್ನಡ ಪೂಜೆಗೆ ಸರಿಯಾದ ವೇಳೆ, ಕನ್ನಡ ಬಲ್ಲ ಪಾದ್ರಿಗಳು ಸಿಗುವುದಿಲ್ಲವೆಂದು ಕನ್ನಡ ಕ್ರೈಸ್ತ ಸಂಘಟನೆಗಳು ಹೋರಾಟಕ್ಕಿಳಿದವು. ಹಬ್ಬದ ದಿನದ ಮುಖ್ಯ ಪೂಜೆ ಯಾವ ಭಾಷೆಯಲ್ಲಿರಬೇಕು ಎಂಬುದು ಹಲವು ಕಡೆ ಜಗಳಕ್ಕೆ ಕಾರಣವಾಯಿತು. ತಮಿಳು ಭಕ್ತರು ತಮ್ಮ ಸಂಖ್ಯೆಯನ್ನು ಮುಂದಿಟ್ಟರೆ, ಕನ್ನಡಿಗರು ನೆಲದ ಹಕ್ಕನ್ನು ಮುಂದಿಟ್ಟರು. ಮಹಾಸಭೆಯ ಒಂದೇ ಮಾತನ್ನು ಇಬ್ಬರೂ ತಮ್ಮ ತಮ್ಮ ಪರವಾಗಿ ಓದಿಕೊಂಡರು.

ನೆರೆಯಲ್ಲೂ ರೋಮಿನಲ್ಲೂ

ಪೂಜೆಯ ಬಗೆಗಿನ ಈ ತಿಕ್ಕಾಟ ಕರ್ನಾಟಕಕ್ಕೆ ಸೀಮಿತವಲ್ಲ. ಕೇರಳದ ಸಿರೊ ಮಲಬಾರ್ ಚರ್ಚು ರೋಮಿನ ಅಧೀನದಲ್ಲಿದ್ದರೂ ಪೂರ್ವ ಸಿರಿಯನ್ ಸಂಪ್ರದಾಯಕ್ಕೆ ಸೇರಿದ್ದು. ಅಲ್ಲಿ ಪಾದ್ರಿಗಳು ಪೂಜೆಯುದ್ದಕ್ಕೂ ಜನರ ಕಡೆ ತಿರುಗಿರಬೇಕೇ ಅಥವಾ ಮುಖ್ಯ ಭಾಗದಲ್ಲಿ ಬಲಿಪೀಠದ ಕಡೆ ತಿರುಗಬೇಕೇ ಎಂಬುದೇ ವಿವಾದ. ಎರಡನ್ನೂ ಬೆರೆಸಿದ ಏಕರೂಪದ ಕ್ರಮವನ್ನು 1999ರಲ್ಲೇ ನಿರ್ಧರಿಸಿದ್ದ ಆ ಚರ್ಚಿನ ಬಿಷಪರ ಸಭೆ, 2021ರಲ್ಲಿ ಅದನ್ನು ಎಲ್ಲೆಡೆ ಜಾರಿಗೆ ತರಲು ಹೊರಟಿತು. ಎರ್ನಾಕುಲಂ ಅಂಗಮಾಲಿ ಮಹಾಧರ್ಮಪ್ರಾಂತ್ಯದ ಬಹುಪಾಲು ಪಾದ್ರಿಗಳು, ಭಕ್ತರು ಒಪ್ಪಲಿಲ್ಲ. 2022ರ ಕ್ರಿಸ್ಮಸ್ ಹೊತ್ತಿಗೆ ಎರ್ನಾಕುಲಂನ ಬಸಿಲಿಕದೊಳಗೇ ಘರ್ಷಣೆ ನಡೆದು ಅದನ್ನು ಮುಚ್ಚಬೇಕಾಯಿತು. 2025ರ ಮಧ್ಯದಲ್ಲಿ ಪ್ರತಿ ಭಾನುವಾರ ಒಂದು ಪೂಜೆಯಾದರೂ ಏಕರೂಪದ್ದಾಗಿರಬೇಕೆಂಬ ರಾಜಿಯಾಯಿತು.

ಪಶ್ಚಿಮದಲ್ಲಿ ಹಳೆಯ ಲ್ಯಾಟಿನ್ ಪೂಜೆಗಾಗಿ ಹೋರಾಟ ನಿಂತಿಲ್ಲ. 1971ರಲ್ಲಿ ಅದನ್ನು ಉಳಿಸಬೇಕೆಂದು ಇಂಗ್ಲೆಂಡಿನಲ್ಲಿ ಸಲ್ಲಿಸಿದ ಮನವಿಗೆ ಸಹಿ ಹಾಕಿದವರಲ್ಲಿ ಕ್ಯಾಥೊಲಿಕರಲ್ಲದ ಅಗಾಥಾ ಕ್ರಿಸ್ಟಿಯೂ ಇದ್ದರು. ಫ್ರಾನ್ಸಿನ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಹೊಸ ಪೂಜೆಯನ್ನು ತಿರಸ್ಕರಿಸಿದರು. 1988ರಲ್ಲಿ ಪೋಪರ ಒಪ್ಪಿಗೆಯಿಲ್ಲದೆ ನಾಲ್ವರು ಬಿಷಪರಿಗೆ ದೀಕ್ಷೆ ಕೊಟ್ಟು ಬಹಿಷ್ಕಾರಕ್ಕೊಳಗಾದರು. ಪೋಪ್ ಹದಿನಾರನೇ ಬೆನೆಡಿಕ್ಟ್ 2007ರಲ್ಲಿ ಹಳೆಯ ಪೂಜೆಗೆ ವಿಶಾಲ ಅವಕಾಶ ಕೊಟ್ಟರೆ, ಪೋಪ್ ಫ್ರಾನ್ಸಿಸ್ 2021ರಲ್ಲಿ ಅದನ್ನು ಬಿಗಿಗೊಳಿಸಿದರು. ಒಗ್ಗಟ್ಟಿಗಾಗಿ ಎಂಬುದೇ ಇಬ್ಬರೂ ಕೊಟ್ಟ ಕಾರಣ.

ಸುತ್ತೋಲೆ ಮತ್ತು ರೂಢಿ

ಹನ್ನೆರಡು ಅಂಶಗಳಲ್ಲಿ ಉಳಿದದ್ದೇನು? ಕೈಮುಗಿದು ಶಾಂತಿ ಕೋರುವುದು ಇಂದು ದೇಶದ ಬಹುತೇಕ ಚರ್ಚುಗಳಲ್ಲಿ ಸಹಜವಾಗಿದೆ. ದೀಪ ಬೆಳಗುವುದಕ್ಕೂ ಈಗ ಯಾರೂ ಹುಬ್ಬೇರಿಸುವುದಿಲ್ಲ. ಪಂಚಾಂಗ ಪ್ರಣಾಮ, ನೆಲದ ಮೇಲಿನ ಪೂಜೆ ಮಾತ್ರ ಹೆಚ್ಚಾಗಿ ಆಶ್ರಮಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ ಉಳಿದವು. ಆರತಿ ಹಬ್ಬಗಳಿಗೆ, ಗಣ್ಯರ ಸ್ವಾಗತಕ್ಕೆ ಸೀಮಿತವಾಯಿತು.

ಇದಕ್ಕೆ ಹೋಲಿಸಿದರೆ ಜನರೇ ಬೆಳೆಸಿದ ಪದ್ಧತಿಗಳು ಎಷ್ಟು ಗಟ್ಟಿಯಾಗಿವೆ ಎಂಬುದನ್ನು ಗಮನಿಸಬೇಕು. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬದಂದು ಕರಾವಳಿಯ ಕ್ಯಾಥೊಲಿಕರು ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿಕೊಂಡು ಮನೆಗೆ ತರುತ್ತಾರೆ, ಮನೆಮಂದಿಯೆಲ್ಲ ಸೇರಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಅದೇ ದಿನ ಬೆಂಗಳೂರಿನ ಶಿವಾಜಿನಗರದಲ್ಲಿ ಮಾತೆಯ ತೇರು ಹೊರಡುತ್ತದೆ, ಕಾವಿ ಸೀರೆಯುಟ್ಟು ಹರಕೆ ಹೊತ್ತ ಹೆಂಗಸರ ಸಾಲು ಅಲ್ಲಿ ದೊಡ್ಡದಾಗಿರುತ್ತದೆ. ಕಾರ್ಕಳದ ಅತ್ತೂರಿನ ಜಾತ್ರೆಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಇವು ಯಾವ ಸಮಿತಿಯೂ ಕೂತು ರೂಪಿಸಿದ ಆಚರಣೆಗಳಲ್ಲ. ‘ಭಾರತೀಕರಣ’ ಎಂಬ ಪದ ಹುಟ್ಟುವ ಮೊದಲೇ ಇಲ್ಲಿನ ಮಣ್ಣಿನಲ್ಲಿ ಬೇರುಬಿಟ್ಟವು.

ಅರ್ಧ ಶತಮಾನದ ಈ ಚರ್ಚೆಯಲ್ಲಿ ಹಳೆಯದು ಸರಿಯೋ ಹೊಸದು ಸರಿಯೋ ಎಂಬುದಕ್ಕಿಂತ, ನಿರ್ಧರಿಸುವವರು ಯಾರು ಎಂಬುದೇ ದೊಡ್ಡ ಪ್ರಶ್ನೆಯಾಗಿ ಉಳಿದಿದೆ. ಲ್ಯಾಟಿನ್ ಪೂಜೆಯನ್ನು ಹೇರಿದ್ದೂ ಮೇಲಿನಿಂದ, ತೆಗೆದದ್ದೂ ಮೇಲಿನಿಂದ. 1969ರಲ್ಲಿ ಆರತಿ ಬಂದದ್ದು ಸುತ್ತೋಲೆಯ ಮೂಲಕ. ಪೂಜೆಯಲ್ಲಿ ಭಕ್ತರು ಭಾಗವಹಿಸಬೇಕೆಂದು ಹೇಳಿದ ಸುಧಾರಣೆ, ಆ ಪೂಜೆಯನ್ನು ರೂಪಿಸುವಾಗ ಭಕ್ತರನ್ನು ಕೇಳುವುದನ್ನು ಮರೆಯಿತು. ಕನ್ನಡದ ಪೂಜೆಗಾಗಿ ಹೋರಾಡಿದವರೂ, ತಮಟೆಯ ದನಿ ಕೇಳಬೇಕೆಂದವರೂ, ಮಂಡಿಯೂರಿಯೇ ಪ್ರಸಾದ ಪಡೆಯುತ್ತೇವೆ ಎನ್ನುವ ಹಿರಿಯರೂ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವುದು ಆ ಒಂದು ಹಕ್ಕನ್ನೇ.